ಬೋರಮ್ಮನಿಗೆ ಓದಿ ಹೇಳಿದ ಅಧ್ಯಾಯ

ಬೆಳಿಗ್ಗೆ ಏಳಕ್ಕೆ ಚಳ್ಳಕೆರೆ ಬಸ್ ನಿಲ್ದಾಣದ ಎದುರು ಒಗ್ಗರಣೆ ಮಂಡಕ್ಕಿ, ಎರಡು ಮೆಣಸಿನಕಾಯಿ ಬಜ್ಜಿ ತಿಂದು ಮೊಳಕಾಲ್ಮುರು ಬಸ್ ಹತ್ತಿದೆ. ಆಧಾರ್ ತೋರಿಸಿದ್ದಕ್ಕೆ ಕಂಡಕ್ಟರ್ ಪುಕ್ಕಟೆ ಟಿಕೆಟ್ ಕೊಟ್ಟ. ಚೀಲದಲ್ಲಿ ನೀರು, ಟೋಪಿ, ನನ್ನ ಪಿಎಚ್.ಡಿ. ಪ್ರಬಂಧದ ನಾಲ್ಕನೇ ಅಧ್ಯಾಯ. ಇನ್ನು ಹದಿನೈದು ದಿನದಲ್ಲಿ ಪ್ರಬಂಧ ಸಲ್ಲಿಸಬೇಕಿತ್ತು. ಕುರಿ ಮೇಯಿಸುವ ದಾರಿಗಳ ಬಗ್ಗೆ ಬರೆದ ಆ ಅಧ್ಯಾಯ ಓದಿದ ಗೈಡ್, "ಒಂದು ದಿನವಾದರೂ ಮಂದೆಯ ಜೊತೆ ನಡೆದಿದ್ದೀಯೇನಮ್ಮ?" ಎಂದು ಕೇಳಿದ್ದರು. ಎಲ್ಲಿ ನಡೆದಿದ್ದೆ! ಲೈಬ್ರರಿಯಲ್ಲಿ ಓದಿದ್ದೆ. ಬಿ.ಜಿ. ಕೆರೆಯಲ್ಲಿ ಕುರಿ ಸಾಕುವ ಓಬಣ್ಣನವರನ್ನು ಚಹಾ ಅಂಗಡಿಯಲ್ಲಿ ಕೂರಿಸಿಕೊಂಡು ಎರಡು ಸಂಜೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ, ಅಷ್ಟೇ.

ಬಿ.ಜಿ. ಕೆರೆಯಲ್ಲಿ ಇಳಿದು ಹೋದಾಗ ಓಬಣ್ಣ ಮನೆ ಕಟ್ಟೆಯ ಮೇಲೆ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. "ನಾನೆಲ್ಲಿ ಬರ್ಲಿ ತಾಯಿ, ಮಂಡಿ ನೋವೈತೆ. ನಮ್ ಬೋರಮ್ಮನ ಜತಿಗೆ ಹೋಗು" ಎಂದರು. ಅವರ ಹೆಂಡತಿ ಬೋರಮ್ಮ ಆಗಲೇ ಬುತ್ತಿ ಕಟ್ಟಿಕೊಂಡು, ಕೋಲು ಹಿಡಿದು ಕುರಿಗಳನ್ನು ಹೊರಗೆ ಬಿಟ್ಟಿದ್ದರು.

ಊರಾಚೆ ಜಾಲಿ, ಕಲ್ಲುಗುಡ್ಡ, ಶೇಂಗಾ ಕಿತ್ತ ಹೊಲ. ಒಂಬತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ನಾನು ಏನು ಕೇಳಿದರೂ ಬೋರಮ್ಮ "ಹುರ್ರ್" ಎಂದು ಕುರಿಗಳನ್ನೇ ಮಾತಾಡಿಸುತ್ತಿದ್ದರು. ಎರಡು ಮೈಲಿ ನಡೆದ ಮೇಲೆ ತಿರುಗಿ, "ನಮ್ ಬಗ್ಗೆ ಏನೋ ಬರ್ದೀಯಂತಲ್ಲ, ಓದು ನೋಡಾನ. ನಂಗೆ ಓದಾಕ್ ಬರಲ್ಲ, ಕಿವಿ ಐತೆ" ಎಂದರು.

ಎಡವುತ್ತಲೇ ಓದಿದೆ. ಜೋಳ ಕೊಯ್ದ ಹೊಲ ಮಂದೆಗೆ ಯಾವಾಗಲೂ ಒಳ್ಳೆಯ ಮೇವು, ಹೆಂಗಸರು ಮನೆಯಲ್ಲಿದ್ದು ಉಣ್ಣೆ ನೂಲುತ್ತಾರೆ ಎಂಬಲ್ಲಿಗೆ ಬರುವಷ್ಟರಲ್ಲಿ ಬೋರಮ್ಮ ಓಡತೊಡಗಿದ್ದರು. ಮುಂದಿನ ಕುರಿಗಳು ಪಕ್ಕದ ಹೊಲಕ್ಕೆ ನುಗ್ಗುವುದರಲ್ಲಿದ್ದವು. ಅಲ್ಲಿ ಕೊಯ್ದ ಜೋಳದ ಬುಡದಲ್ಲಿ ಗೇಣುದ್ದ ಹಸಿರು ಚಿಗುರು ಎದ್ದಿತ್ತು. ಅವರು ಅಡ್ಡ ನಿಂತು ಕೋಲು ಬೀಸಿ ಇಡೀ ಮಂದೆಯನ್ನು ಹಳ್ಳದ ಕಡೆ ತಿರುಗಿಸಿದರು.

"ಆ ಎಳೇ ಚಿಗುರು ವಿಷ ಕಣವ್ವ, ತಿಂದ್ರೆ ನಿಂತಲ್ಲೇ ಬಿದ್ದು ಸಾಯ್ತಾವೆ!" ಎಂದರು ಏದುಸಿರು ಬಿಡುತ್ತ. "ಒಳ್ಳೇ ಮೇವು ಅಂತ ಯಾರು ಹೇಳಿದ್ರು ನಿಂಗೆ?"

"ಓಬಣ್ಣ."

ಬೋರಮ್ಮನಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ, ಅವ್ನು ಸಂತೇಲಿ ಕುರಿ ಮಾರೋನು! ಮಂದೆ ಹಿಂದೆ ನಡಿಯೋಳು ನಾನು. ಓದಿದೋರು ಬಂದು ಕೇಳಿದ್ರೆ ಗೊತ್ತಿಲ್ಲ ಅನ್ನಾಕೆ ನಾಚ್ಕೆ ಪಾಪ."

ಮುಖ ಎಲ್ಲಿಟ್ಟುಕೊಳ್ಳಲಿ ಎನ್ನಿಸಿತು. ನಾನೂ ಒಬ್ಬ ಹೆಣ್ಣು. ಆದರೂ ಕುರಿ ಕಾಯುವವರು ಎಂದಾಗ ಗಂಡಸನ್ನೇ ಹುಡುಕಿಕೊಂಡು ಹೋಗಿದ್ದೆ. ಹಳ್ಳದ ದಂಡೆಯಲ್ಲಿ ಮುದ್ದೆ, ಹುಚ್ಚೆಳ್ಳು ಚಟ್ನಿ ಹಂಚಿಕೊಂಡು ಉಂಡೆವು. ಬೋರಮ್ಮ ಬೈಯಲಿಲ್ಲ. "ತಿದ್ದಿ ತಂದು ಇನ್ನೊಂದ್ಸಲ ಓದು. ಕುಂತ್ಕಂಡಲ್ಲ, ನಡ್ಕಂತ" ಎಂದರು.

ಸಂಜೆ ಬಸ್ಸಿಗೆ ಕಾಯುತ್ತ ಗೈಡಿಗೆ ಫೋನ್ ಮಾಡಿದೆ. "ಸರ್, ಆ ಅಧ್ಯಾಯ ಬೇಡ. ಇನ್ನೂ ಆರು ತಿಂಗಳು ಬೇಕು." ಅವರು "ಅರ್ಜಿ ಬರಿ" ಎಂದರು.

ಚಳ್ಳಕೆರೆಗೆ ಮರಳುವ ಬಸ್ಸಿನಲ್ಲಿ ಹಳೆಯ ರೆಕಾರ್ಡಿಂಗ್ ಹಾಕಿ ಕೇಳಿದೆ. ಓಬಣ್ಣ ಮೇವಿನ ಬಗ್ಗೆ ಹೇಳುತ್ತಿದ್ದಾರೆ. ಚಹಾ ಅಂಗಡಿಯ ಮುಂದೆ ಕುರಿಗಳ ಸದ್ದು, ಅದರ ನಡುವೆ ಹೆಂಗಸೊಬ್ಬಳ "ಹುರ್ರ್". ಆಮೇಲೆ ನನ್ನದೇ ದನಿ: "ಒಂದ್ನಿಮಿಷ ಓಬಣ್ಣ, ಈ ಗಲಾಟೆ ಹೋಗ್ಲಿ." ಅಲ್ಲಿಗೆ ರೆಕಾರ್ಡಿಂಗ್ ನಿಲ್ಲಿಸಿದ್ದೆ.