ಕಳ್ಳನ ಜೊತೆ ಕನ್ನಡದಲ್ಲಿ

ನನ್ನ ಮೊಬೈಲ್ ಕದ್ದವರಿಗೆ ನಾನು ನೂಲಿನ ಪಾಠ ಹೇಳಿಕೊಟ್ಟಿದ್ದೇನೆ. ಅದೂ ಕನ್ನಡದಲ್ಲಿ, ಇಟಲಿಯ ಮಿಲಾನ್ ಊರಿನ ದೊಡ್ಡ ಚರ್ಚಿನ ಮುಂದಿನ ಚೌಕದಲ್ಲಿ ನಿಂತು. ಮಹಾರಾಷ್ಟ್ರದ ನಮ್ಮೂರು ಇಚಲಕರಂಜಿಯಲ್ಲಿ ಈ ಕಥೆಯನ್ನು ಯಾರಿಗೂ ಪೂರ್ತಿ ಹೇಳಿಲ್ಲ. ಮೊಬೈಲ್ ಹೋಯಿತು ಎಂದಷ್ಟೇ ಹೇಳಿದ್ದೇನೆ, ಉಳಿದದ್ದನ್ನು ಹೇಳಲು ನಾಚಿಕೆ.

ನಮ್ಮದು ಪವರ್‌ಲೂಮಿನ ಸಂಸಾರ. ಕೆಳಗೆ ಹನ್ನೆರಡು ಮಗ್ಗ, ಮೇಲೆ ಮನೆ. ಮಗ್ಗ ನಡೆಯುವಾಗ ಪಕ್ಕದವನು ಕೂಗಿದರೂ ಕೇಳದು, ಫೋನಿನ ಗಂಟೆ ಯಾವ ಲೆಕ್ಕ? ಹಾಗಾಗಿ ನನ್ನ ಹೆಂಡತಿ ಮೇಲಿನಿಂದ ವಾಟ್ಸಾಪಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. "ಊಟಕ್ಕ ಬರ್ರಿ, ಸಾರು ಆರಾಕತ್ತೇತಿ." "ಎಷ್ಟ ಸಲ ಕರೀಬೇಕ್ರಿ ನಿಮ್ಮನ್ನ?" "ನೀವು ಆ ಮಗ್ಗದ ಜೋಡೀನ ಲಗ್ನಾ ಮಾಡ್ಕೋಬೇಕಿತ್ತ ನೋಡ್ರಿ." ಫೋನನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಿದ್ದೆ. ಕೇಳಿಯೂ ಹತ್ತು ನಿಮಿಷ ತಡ ಮಾಡಿಯೇ ಮೇಲೆ ಹೋಗುತ್ತಿದ್ದೆ. ಅದೊಂದು ಗಂಡಸಿನ ಜಂಬ.

ಅವಳು ಗಡಹಿಂಗ್ಲಜ ಕಡೆಯ ಮಹಾಗಾಂವದವಳು. ನಮ್ಮ ಮನೆಯಲ್ಲಿ ಕನ್ನಡ ಉಳಿದದ್ದು ನಮ್ಮಿಬ್ಬರ ನಡುವೆ ಮಾತ್ರ. ಮಗ, ಸೊಸೆ ಮಾತಾಡುವುದು ಮರಾಠಿ, ಮಗ್ಗದ ಕೆಲಸದವರು ಹಿಂದಿ. ನಾನೂ ಮರಾಠಿಯಲ್ಲಿ ವ್ಯಾಪಾರ ಮಾಡುತ್ತೇನೆ, ಜಗಳವನ್ನೂ ಚೆನ್ನಾಗಿಯೇ ಆಡುತ್ತೇನೆ. ಆದರೆ ಅವಳು ತೀರಿಕೊಂಡ ಮೇಲೆ ಇಡೀ ದಿನ ಬಾಯಿಂದ ಒಂದೂ ಕನ್ನಡದ ಮಾತು ಹೊರಡದೆ ಕಳೆದುಹೋಗತೊಡಗಿತು. ಬೆಳಿಗ್ಗೆ ಚಹಾ ಕುಡಿಯುತ್ತ ಅವಳ ಬೈಗುಳವೊಂದನ್ನು ಹಚ್ಚಿ ಕೇಳುತ್ತಿದ್ದೆ. ಕೇಳಿ, "ಬಂದ್ನಿ" ಎನ್ನುತ್ತಿದ್ದೆ. ನನ್ನ ದಿನದ ಕನ್ನಡ ಅಲ್ಲಿಗೆ ಮುಗಿಯುತ್ತಿತ್ತು.

ಆ ಮಾತುಗಳು ಬೇರೆಲ್ಲೂ ಇರಲಿಲ್ಲ. ಅವಳ ಫೋನನ್ನು ನಾನೇ ಅಂಗಡಿಗೆ ಒಯ್ದು, ಒಳಗಿನದೆಲ್ಲ ಅಳಿಸಿಸಿ, ಸೊಸೆಗೆ ಕೊಟ್ಟಿದ್ದೆ. ಬಲು ಜಾಣ ನಾನು.

ಮಿಲಾನಿನಲ್ಲಿ ಹೊಸ ಮಗ್ಗಗಳ ಪ್ರದರ್ಶನವಿತ್ತು. ನಮ್ಮೂರಿನಿಂದ ಹದಿನೈದು ಮಂದಿ ಹೊರಟರು. ಮನೆಯಲ್ಲಿ ಮುಖ ಗಂಟು ಹಾಕಿಕೊಂಡು ಕೂತಿರುತ್ತೇನೆಂದು ಮಗ ನನ್ನನ್ನೂ ಅವರ ಜೊತೆ ದಬ್ಬಿದ. ಬಸ್ಸಿನಲ್ಲಿ ಗೈಡ್ ಚರ್ಚಿನ ಚೌಕದ ಮೋಸಗಾರರ ಬಗ್ಗೆ ಮರಾಠಿಯಲ್ಲಿ ಎಚ್ಚರಿಕೆ ಕೊಟ್ಟ. ಪಾರಿವಾಳಕ್ಕೆ ಹಾಕಿ ಎಂದು ಕಾಳು ಕೈಗಿಟ್ಟು ಆಮೇಲೆ ದುಡ್ಡು ಕೇಳುತ್ತಾರೆ. ಕಾಗದಕ್ಕೆ ಸಹಿ ಮಾಡಿ ಎಂದು ಸುತ್ತುವರಿಯುತ್ತಾರೆ. ಅಂಗಿಯ ಮೇಲೆ ಏನೋ ಚೆಲ್ಲಿ, ಒರೆಸುವ ನೆಪದಲ್ಲಿ ಜೇಬು ಬರಿದು ಮಾಡುತ್ತಾರೆ. ಬಣ್ಣದ ದಾರ ಕಟ್ಟಲು ಬಂದರಂತೂ ಕೈ ಕೊಡಲೇಬೇಡಿ ಎಂದ. ಯಾವ ಹುಂಬ ಕೈ ಕೊಡುತ್ತಾನೆ ಎಂದು ಮನಸ್ಸಿನಲ್ಲೇ ನಕ್ಕೆ.

ಆ ದಿನ ಪ್ರದರ್ಶನದಲ್ಲಿ ಕಡಿದ ಎಳೆಗಳಿಗೆ ತಾನೇ ಗಂಟು ಹಾಕುವ ಯಂತ್ರ ನೋಡಿದೆ. ಜೊತೆಗಿದ್ದವರು ವಿಡಿಯೋ ತೆಗೆದುಕೊಂಡರು. ನಾನು ನನ್ನ ಬೆರಳು ನೋಡಿಕೊಂಡೆ. ಐವತ್ತು ವರ್ಷ ಮಾಡಿದ ಕೆಲಸವನ್ನು ಒಂದು ಡಬ್ಬಿ ಕಣ್ಣು ಮಿಟುಕಿಸುವುದರೊಳಗೆ ಮಾಡುತ್ತಿತ್ತು.

ಹೊತ್ತು ಮುಳುಗುವ ಮೊದಲೇ ಉಣ್ಣುವುದು ನಮ್ಮ ಜೈನರ ಮನೆಯ ರೂಢಿ. ಆ ದೇಶದಲ್ಲಿ ಬೇಸಿಗೆಯ ಸೂರ್ಯ ಒಂಬತ್ತಾದರೂ ಇಳಿಯುವುದಿಲ್ಲ, ಅದಕ್ಕೆ ಉಳಿದವರು ನಿಧಾನವಾಗಿ ಉಣ್ಣುತ್ತೇವೆಂದರು. ನನ್ನ ಹೊಟ್ಟೆ ಇಚಲಕರಂಜಿಯ ಗಡಿಯಾರವನ್ನೇ ಹಿಡಿದಿತ್ತು. ಆರೂವರೆಗೆ ಹೋಟೆಲಿನ ಕೋಣೆಯಲ್ಲಿ ಒಬ್ಬನೇ ಕೂತು ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದೆ. ಗೋಡೆಗಳು ಮೈಮೇಲೆ ಬಂದಂತಾಗಿ ಹೊರಬಿದ್ದು, ಚೌಕಕ್ಕೆ ನಡೆದೆ.

ಅಲ್ಲಿ ಒಬ್ಬ ನಗುತ್ತ ಎದುರಿಗೆ ಬಂದ. ಕೈಯಲ್ಲಿ ನಾಲ್ಕು ಬಣ್ಣದ ದಾರಗಳು. ಪೂಜೆಯಲ್ಲಿ ದಾರ ಕಟ್ಟಿಸಿಕೊಂಡ ಅಭ್ಯಾಸಕ್ಕೆ ನನ್ನ ಬಲಗೈ ತಾನಾಗಿಯೇ ಮುಂದೆ ಹೋಯಿತು. ಅವನು ಒಂದು ದಾರ ಸುತ್ತತೊಡಗಿದಾಗ ಗೈಡ್ ಹೇಳಿದ್ದು ನೆನಪಾಗಿ ಕೈ ಎಳೆದುಕೊಂಡೆ. ಆ ಎಳೆತಕ್ಕೆ ದಾರ ಪಟ್ಟನೆ ಕಡಿಯಿತು.

ಅಲ್ಲೇ ನಾನು ಕೆಟ್ಟೆ. ಕಡಿದ ಎಳೆಯನ್ನು ಕಂಡು ಸುಮ್ಮನೆ ನಡೆಯುವುದು ನನ್ನಿಂದಾಗದು. ಎರಡೂ ತುದಿ ಹಿಡಿದು, ಒಂದರ ಮೇಲೊಂದು ಇಟ್ಟು, ಹೆಬ್ಬೆರಳಿನಿಂದ ಒತ್ತಿ, ಗಂಟು ಹಾಕಿ ಜಗ್ಗಿ ತೋರಿಸಿದೆ. ಅವನು "ಬ್ರಾವೋ!" ಎಂದು ಚಪ್ಪಾಳೆ ತಟ್ಟಿದ. ಪಕ್ಕದಲ್ಲಿ ಇನ್ನೊಬ್ಬ ಬಂದು ನನ್ನ ಭುಜಕ್ಕೆ ಭುಜ ತಾಗಿಸಿ ಬಗ್ಗಿ ನೋಡತೊಡಗಿದ. ನನ್ನ ಕೈಕೆಲಸವನ್ನು ಅಷ್ಟು ಕಣ್ಣರಳಿಸಿ ಯಾರಾದರೂ ನೋಡಿ ಎಷ್ಟು ವರ್ಷವಾಗಿತ್ತೋ.

"ಇದು ಭಾಳ ಹಲ್ಕಾ ನೂಲಪಾ," ಎಂದೆ. "ಹುರಿ ಸರಿಗೆ ಬಿದ್ದಿಲ್ಲ. ಹಿಂಗ ಹಿಡೀಬೇಕ, ನೋಡ."

ಅವರಿಗೆ ಮರಾಠಿಯೂ ಒಂದೇ, ಕನ್ನಡವೂ ಒಂದೇ. ಹಾಗಿರುವಾಗ ಕನ್ನಡವನ್ನೇ ಯಾಕೆ ಆಡಬಾರದು? ಮಾತು ಶುರುವಾದದ್ದು ನಿಲ್ಲಲೇ ಇಲ್ಲ. ಅಪ್ಪ ಗಂಟು ಕಲಿಸಿದ್ದು, ಹೆಂಡತಿ ನನಗಿಂತ ಚುರುಕಾಗಿ ಹಾಕುತ್ತಿದ್ದದ್ದು, ಅವಳು ಈಗ ಇಲ್ಲದ್ದು, ಎಲ್ಲ ಹೇಳಿದೆ. ಅವರು ತಲೆಯಾಡಿಸಿದರು. ಮತ್ತೊಮ್ಮೆ ಗಂಟು ಹಾಕಿ ತೋರಿಸಿದೆ. ಕೊನೆಗೆ ದಾರವನ್ನು ನನ್ನ ಮಣಿಕಟ್ಟಿಗೆ ಕಟ್ಟಿ, ದುಡ್ಡನ್ನೂ ಕೇಳದೆ ಕೈಬೀಸಿ ಹೋದರು. ಒಳ್ಳೆಯ ಮಂದಿ ಎಂದುಕೊಂಡೆ. ನಾಲ್ಕು ಹೆಜ್ಜೆ ನಡೆದು ಎದೆಯ ಮೇಲಿನ ಜೇಬು ಮುಟ್ಟಿಕೊಂಡೆ. ಹಗುರವಾಗಿತ್ತು.

ಪೊಲೀಸರ ಕಾಗದದಲ್ಲಿ ಕಳೆದ ವಸ್ತುವಿನ ಬೆಲೆ ಎಂಬ ಜಾಗವಿತ್ತು. ಗೈಡ್ ತನಗೆ ತೋಚಿದ್ದನ್ನು ಬರೆದ. ಊರಿಗೆ ಬಂದಾಗ ಮಗ, "ಜಾಊ ದ್ಯಾ ಬಾಬಾ, ನವೀನ ಘೇಊ" ಎಂದ. ಹೋಗಲಿ ಬಿಡಿ, ಹೊಸದು ತಗೊಳ್ಳೋಣ ಎಂದು. ಅವನದೇನೂ ತಪ್ಪಿಲ್ಲ, ಒಳಗೆ ಏನಿತ್ತೆಂದು ನಾನು ಹೇಳಿರಲೇ ಇಲ್ಲ. ಕೊಲ್ಹಾಪುರದ ಮೊಬೈಲ್ ಅಂಗಡಿಯವನು ಹಳೆಯ ಫೋಟೋಗಳನ್ನು ಇಂಟರ್‌ನೆಟ್ಟಿನಿಂದ ಹೊಸ ಫೋನಿಗೆ ತೆಗೆದುಕೊಟ್ಟ. ಮಾತುಗಳು ಸಿಗುವುದಿಲ್ಲ ಎಂದ. ಫೋಟೋದಲ್ಲಿ ಅವಳು ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಜೀವಂತ ಇದ್ದಾಗ ಹಾಗೆ ಒಂದು ನಿಮಿಷವೂ ನಿಂತವಳಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತೆ.

ಆಮೇಲೆ ಅವಳ ಅಕ್ಕ ನೆನಪಾದರು. ಗಡಹಿಂಗ್ಲಜದ ಬಸ್ಸು ಹತ್ತಿ ಮಹಾಗಾಂವಕ್ಕೆ ಹೋದೆ. ತಂಗಿಯ ಮಾತು ಏನಾದರೂ ಉಳಿದಿದೆಯೇ ಎಂದು ಕೇಳಿದೆ.

"ಫೋನ್ ತುಂಬತೈತ್ರಿ, ಎಲ್ಲಾ ಅಳಿಸಿಬಿಡ್ತೇನಿ," ಎನ್ನುತ್ತಲೇ ಅಕ್ಕ ಬೆರಳಾಡಿಸಿದರು. "ಇದೊಂದ ಉಳದೈತಿ ನೋಡ್ರಿ."

ಫೋನನ್ನು ಕಿವಿಗೆ ಒತ್ತಿಕೊಂಡೆ. "ಅಕ್ಕಾ, ತಡೀ, ಆಮ್ಯಾಲೆ ಮಾತಾಡ್ತೇನಿ. ಇವರು ಬಂದ್ರು." ಅದರ ಹಿಂದೆ ದೂರದಿಂದ ಒಂದು ಗಂಡು ದನಿ: "ಸಾರು ಬಿಸಿ ಐತೇನ?" ಅಷ್ಟಕ್ಕೇ ನಿಂತಿತು.

ಆ ದನಿ ನನ್ನದು. ಕೇಳಿದರೆ ಉತ್ತರ ಸಿಗುತ್ತದೆಂಬ ಧೈರ್ಯ ಅದರಲ್ಲಿತ್ತು.

"ನಿಮಗ ಕಳಸ್ಲೇನ್ರಿ ಇದನ್ನ?" ಎಂದರು ಅಕ್ಕ.

ಹೊಸ ಫೋನು ಜೇಬಿನಲ್ಲೇ ಇತ್ತು. "ಬ್ಯಾಡ್ರಿ," ಎಂದೆ. "ನಿಮ್ಮ ಕಡೇನ ಇರ್ಲಿ, ಅಳಸಬ್ಯಾಡ್ರಿ ಅಷ್ಟ. ಕೇಳ್ಬೇಕ ಅನಿಸಿದ್ರ ನಾನ ಬರ್ತೇನಿ."

ಅಕ್ಕ ನನ್ನ ಮುಖವನ್ನೂ ಮಣಿಕಟ್ಟಿನ ದಾರವನ್ನೂ ನೋಡಿದರು. ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಕೂಗು ಬಂತು.

"ಏಳ್ರಿ, ಹೊತ್ತು ಮುಳಗಾಕ ಬಂತು. ಊಟಕ್ಕ ಬರ್ರಿ, ಸಾರು ಆರಾಕತ್ತೇತಿ."

"ಬಂದ್ನಿ," ಎಂದೆ. ಎಂದವನೇ ಎದ್ದು ಹೋದೆ.