ದೊಡ್ಡ ಸ್ವರದ ಡಾಕ್ಟ್ರು, ಸೋನಾಮುಖಿ ಕಷಾಯ

ಡಾಕ್ಟರರ ಎರಡೂ ಕಿವಿಗಳಿಂದ ಬಿಳಿ ಕೂದಲು ಹೊರಗೆ ಇಣುಕುತ್ತಿತ್ತು. ಅದಕ್ಕೇ ಅವರಿಗೆ ಕಿವಿ ಕೇಳುವುದಿಲ್ಲವೆಂದು ನಮ್ಮ ಶಾಲೆಯ ಮಕ್ಕಳು ನಂಬಿದ್ದರು. ನಿಜ ಹೇಳಬೇಕೆಂದರೆ ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಅರ್ಧ. ತನಗೆ ಕೇಳದ್ದು ಊರಿಗೂ ಕೇಳುವುದಿಲ್ಲ ಎಂದುಕೊಂಡಂತೆ ಅವರ ಮಾತೆಲ್ಲ ಕೂಗಿಯೇ. ಮೂಡಬಿದ್ರೆ ಪೇಟೆಯ ಅವರ ಡಿಸ್ಪೆನ್ಸರಿಯಲ್ಲಿ ರೋಗಿ ಕೂರುವ ಕೋಣೆಗೂ ಹೊರಗಿನ ಬೆಂಚಿಗೂ ನಡುವೆ ಇದ್ದದ್ದು ಒಂದು ಪರದೆ. ಯಾರ ಮೂಲವ್ಯಾಧಿ, ಯಾರ ತುರಿಕೆ, ಎಲ್ಲವೂ ಬೆಂಚಿನವರಿಗೆ ಬಾಯಿಪಾಠ. ಯಾರಾದರೂ ಪಿಸುಗುಟ್ಟಿದರೆ ಅವರಿಗೆ ಸಿಟ್ಟು ಬರುತ್ತಿತ್ತು. "ಹೇಳದಿದ್ರೆ ನನಗೆ ಹೇಗೆ ಗೊತ್ತಾಗ್ತದೆ? ನಾನೇನು ಜ್ಯೋತಿಷ್ಯ ಹೇಳುವವನಾ?" ಎನ್ನುವರು.

ನಾನು ಅವರ ಬಳಿ ಹೋದದ್ದು ಯಾಕೆಂದು ಬರೆಯಲು ಈ ವಯಸ್ಸಿನಲ್ಲೂ ಕೈ ಹಿಂಜರಿಯುತ್ತದೆ. ಬರೆಯದೆ ಅವರ ಚಿತ್ರ ಪೂರ್ಣವಾಗುವುದಿಲ್ಲ. ನನಗೆ ಮಲಬದ್ಧತೆ ಇತ್ತು.

ಅದು ಅರವತ್ತರ ದಶಕದ ಆರಂಭ. ವಿಟ್ಲದಿಂದ ಬಂದು ಮೂಡಬಿದ್ರೆ ಸಮೀಪದ ಒಂದು ಶಾಲೆಗೆ ಹೊಸದಾಗಿ ಟೀಚರಾಗಿ ಸೇರಿದ್ದೆ. ಶಾಲೆಯಲ್ಲಿ ಕಕ್ಕಸು ಇರಲಿಲ್ಲ. ಗಂಡಸರಿಗೆ ಹಿಂದಿನ ಗೇರುಗುಡ್ಡೆ ಇತ್ತು. ಹೆಂಗಸೆಂದರೆ ನಾನೊಬ್ಬಳೇ, ಸೀರೆ ಉಟ್ಟು, ಮಕ್ಕಳೆಲ್ಲ ನೋಡುತ್ತಿರುವಾಗ ಆ ಗುಡ್ಡೆ ಹತ್ತುವುದು ಹೇಗೆ? ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ಮರಳುವವರೆಗೆ ತೊಟ್ಟು ನೀರು ಕುಡಿಯದಿರುವುದನ್ನು ಅಭ್ಯಾಸ ಮಾಡಿಕೊಂಡೆ. ಸೆಕೆಯಲ್ಲೂ ಬಾಯಾರದ ಟೀಚರ್ ಎಂದು ಹೆಡ್ಮಾಸ್ಟರು ಹೊಗಳಿದ್ದರು. ಆ ಹೊಗಳಿಕೆಗೆ ನಾನು ಹಿಗ್ಗಿದ್ದೆ ಕೂಡ!

ಹೊಟ್ಟೆ ಕಟ್ಟಿಕೊಂಡಿತು. ಅಂಗಡಿಯಿಂದ ಭೇದಿ ಮಾಡಿಸುವ ಸೋನಾಮುಖಿ ಎಲೆ ತಂದು ರಾತ್ರಿ ಕಷಾಯ ಕುಡಿದೆ, ಬೆಳಿಗ್ಗೆ ಹಾಯೆನಿಸಿತು. ಮತ್ತೆ ಕುಡಿದೆ. ಬರಬರುತ್ತಾ ದಿನವೂ ಬೇಕಾಯಿತು, ಮೊದಲಿನಷ್ಟು ಎಲೆ ಸಾಲದಾಯಿತು. ಅದರಲ್ಲಿ ತಪ್ಪಿದೆಯೆಂದು ನನಗೆ ಹೊಳೆಯಲೇ ಇಲ್ಲ. ನಮ್ಮ ಮನೆಯಲ್ಲಿ ಬೇಸಗೆ ರಜೆ ಮುಗಿಯುವ ಮೊದಲು ಮಕ್ಕಳ ಮೂಗು ಹಿಡಿದು, ಕಾಫಿಯಲ್ಲಿ ಹರಳೆಣ್ಣೆ ಬೆರೆಸಿ ಕುಡಿಸಿ ಹೊಟ್ಟೆ ತೊಳೆಸುವ ಕ್ರಮವಿತ್ತು. ಆ ದಿನವೆಲ್ಲ ಗಂಜಿತಿಳಿ ಮಾತ್ರ. ಹೊಟ್ಟೆ ಎಷ್ಟು ಖಾಲಿಯೋ ಅಷ್ಟು ಶುದ್ಧ ಎಂದು ನಂಬಿ ಬೆಳೆದವಳು ನಾನು. ವರ್ಷಕ್ಕೊಮ್ಮೆ ಒಳ್ಳೆಯದಾದದ್ದು ದಿನಾ ಮಾಡಿದರೆ ಇನ್ನೂ ಒಳ್ಳೆಯದಲ್ಲವೇ?

ಆಮೇಲೆ ಹೊಟ್ಟೆ ಹಿಂಡುವ ನೋವು ಶುರುವಾಯಿತು, ಕಾಲಲ್ಲಿ ಶಕ್ತಿಯೇ ಇಲ್ಲದಂತಾಯಿತು. ಕೊನೆಗೆ ಡಾಕ್ಟರರ ಮುಂದೆ ಹೋಗಿ ಕುಳಿತೆ. ಬೆಂಚಿನ ಮೇಲೆ ನನ್ನ ತರಗತಿಯ ಹುಡುಗಿಯೊಬ್ಬಳ ತಾಯಿ, ಪಕ್ಕದಲ್ಲಿ ಒಬ್ಬರು ಬ್ಯಾರಿ ಸಾಹುಕಾರರು. ಅವರ ಮಕ್ಕಳೂ ನಮ್ಮ ಶಾಲೆಯವರೇ.

"ಹೊಟ್ಟೆನೋವು" ಎಂದೆ.

"ಹೊರಗೆ ಸರಿ ಹೋಗ್ತದಾ?"

ತಲೆ ತಗ್ಗಿಸಿ ಮೆಲ್ಲಗೆ ಹೇಳಿದೆ. ಅವರಿಗೆ ಕೇಳಲಿಲ್ಲ. ಮತ್ತೆ ಹೇಳಿದೆ.

"ಎಂತ? ಸೋನಾಮುಖಿಯಾ? ದಿನಾ ಕುಡಿಯುವುದಾ ಟೀಚರೇ? ಕುಡಿಯದಿದ್ರೆ ಹೋಗುವುದೇ ಇಲ್ವಾ?"

ಪರದೆಯಾಚೆ ಬೆಂಚು ಕಿರ್ರೆಂದಿತು. ನನ್ನ ಮೈಯೆಲ್ಲ ಉರಿಯಿತು. ಅವರು ಇನ್ನೂ ಏನೋ ಹೇಳುತ್ತಿದ್ದರು. ಕೇಳದೆ ಎದ್ದು ಪರದೆ ಸರಿಸಿ ಹೊರಟೆ. ಹುಡುಗಿಯ ತಾಯಿ ಕಣ್ಣು ತಪ್ಪಿಸಿದಳು. ಅವಳು ನಕ್ಕಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಮರುದಿನ ಕರಿಹಲಗೆಗೆ ಮುಖ ಮಾಡಿ ನಿಂತಾಗ, ಬೆನ್ನ ಹಿಂದೆ ಇಡೀ ತರಗತಿಗೆ ನನ್ನ ಹೊಟ್ಟೆಯ ಸುದ್ದಿ ತಿಳಿದಿದೆ ಎನಿಸುತ್ತಿತ್ತು. ಸತ್ತರೂ ಆ ಮನುಷ್ಯನ ಮೆಟ್ಟಿಲು ಹತ್ತಲಾರೆ ಎಂದುಕೊಂಡೆ. ಕಷಾಯದ ಎಲೆ ಮಾತ್ರ ಇನ್ನೂ ಹೆಚ್ಚಿಸಿದೆ.

ಒಂದು ಮಧ್ಯಾಹ್ನ ಮಗ್ಗಿ ಹೇಳಿಸುತ್ತಿದ್ದಾಗ ಕಣ್ಣು ಕತ್ತಲೆ ಬಂತು. ಎಚ್ಚರವಾದಾಗ ನಾನು ಹೆಡ್ಮಾಸ್ಟರ ಕೋಣೆಯ ಬೆಂಚಿನ ಮೇಲೆ ಮಲಗಿದ್ದೆ. ಎದುರಿಗೆ ಅದೇ ಬಿಳಿ ಕೂದಲಿನ ಕಿವಿ. ಸಾಹುಕಾರರು ತಮ್ಮ ಕಾರಿನಲ್ಲಿ ಅವರನ್ನು ಕರೆತಂದಿದ್ದರು.

"ನೀರು ಕುಡಿಸಿ" ಎಂದರು ಡಾಕ್ಟರು.

"ಟೀಚರ್ ಶಾಲೆಯಲ್ಲಿ ನೀರು ಕುಡಿಯುವುದೇ ಇಲ್ಲ" ಎಂದರು ಹೆಡ್ಮಾಸ್ಟರು, ಈಗಲೂ ಹೆಮ್ಮೆಯಿಂದ.

ಡಾಕ್ಟರು ನನ್ನ ಮುಖ ನೋಡಿದರು. ಆಮೇಲೆ ಕಿಟಕಿಯಿಂದ ಹೊರಗೆ, ಗೇರುಗುಡ್ಡೆಯತ್ತ ನೋಡಿದರು.

"ಹೆಂಗಸರಿಗೆ ಕಕ್ಕಸು ಎಲ್ಲುಂಟು ಹೆಡ್ಮಾಸ್ಟ್ರೇ?"

ಹೆಡ್ಮಾಸ್ಟರು ಮೇಜಿನ ಮೇಲಿದ್ದ ಸೀಮೆಸುಣ್ಣವನ್ನು ಆಚೀಚೆ ಸರಿಸಿದರು.

"ಇಲ್ವಾ? ಹಾಗಾದ್ರೆ ಆ ಹುಡುಗಿ ನೀರು ಕುಡಿದು ಎಲ್ಲಿಗೆ ಹೋಗುವುದು ಮಾರಾಯ್ರೇ? ನಿಮ್ಮ ತಲೆ ಮೇಲಾ?"

ಇಡೀ ಶಾಲೆಗೆ ಕೇಳಿತು. ನಾಚಿಕೆಯಿಂದ ನಾನು ಕಣ್ಣು ಮುಚ್ಚಿಕೊಂಡೆ. ಆದರೆ ಆ ದಿನ ತಲೆ ತಗ್ಗಿಸಬೇಕಾದವಳು ನಾನೊಬ್ಬಳೇ ಅಲ್ಲ ಎಂಬುದು ಮೊದಲ ಬಾರಿಗೆ ಅರ್ಥವಾಯಿತು.

ಎಲ್ಲರನ್ನೂ ಹೊರಗೆ ಕಳಿಸಿ, ಪಕ್ಕದಲ್ಲಿ ಕುಳಿತು ಹೇಳಿದರು. "ಸೋನಾಮುಖಿ ಕೆಟ್ಟದ್ದಲ್ಲ ಟೀಚರೇ. ಅದು ಕರುಳನ್ನು ಕೆಣಕಿ ಕೆಲಸ ಮಾಡಿಸ್ತದೆ. ಅಪರೂಪಕ್ಕೆ ಬೇಕಾದಾಗ, ಸ್ವಲ್ಪವೇ, ರಾತ್ರಿ ಮಲಗುವಾಗ. ಕೆಲವು ದಿನದಲ್ಲಿ ನಿಲ್ಲಿಸಬೇಕು. ವಾರ ಕಳೆದರೂ ಬೇಕು ಅಂತಾದ್ರೆ ಡಾಕ್ಟ್ರ ಹತ್ತಿರ ಬರಬೇಕು, ಇನ್ನಷ್ಟು ಎಲೆ ಹಾಕುವುದಲ್ಲ. ಹೊಟ್ಟೆನೋವು, ವಾಂತಿ ಇರುವಾಗ ಮುಟ್ಟಲೇಬಾರದು. ದಿನಾ ಕೆಣಕಿದ್ರೆ ಮೈಯ ನೀರು, ಉಪ್ಪು ಎಲ್ಲ ಹೋಗ್ತದೆ. ನೀವು ಬಿದ್ದದ್ದು ಅದಕ್ಕೇ." ಆಮೇಲೆ ನೀರು, ಕುಚ್ಚಲಕ್ಕಿ ಗಂಜಿ, ಬಸಳೆ, ಹರಿವೆ ಸೊಪ್ಪು, ಬೆಳಿಗ್ಗೆ ಅವಸರವಿಲ್ಲದೆ ಕೂರುವುದು, ಬಂದದ್ದನ್ನು ತಡೆಹಿಡಿಯದಿರುವುದು, ಇವನ್ನೆಲ್ಲ ಹೇಳಿಕೊಟ್ಟರು. "ಒಂದೇ ದಿನದಲ್ಲಿ ಸರಿಯಾಗುವುದಿಲ್ಲ. ಅಳಬೇಡಿ" ಎಂದರು. ಅಳುತ್ತಿದ್ದೇನೆಂದು ಅವರು ಹೇಳಿದಾಗಲೇ ನನಗೆ ಗೊತ್ತಾದದ್ದು.

ಸಾಹುಕಾರರು ಕೆಂಪುಕಲ್ಲು ಕೊಟ್ಟರು, ಊರವರು ಕೆಲಸಕ್ಕೆ ಬಂದರು. ಮಳೆಗಾಲಕ್ಕೆ ಮೊದಲು ಶಾಲೆಯ ಹಿಂದೆ ಬಾಗಿಲಿದ್ದ ಕಕ್ಕಸು ಎದ್ದಿತು. ಡಾಕ್ಟರು ಬಂದು ಒಳಗಿನಿಂದ ಚಿಲಕ ಹಾಕಿ, ತೆಗೆದು, ಭದ್ರವುಂಟು ಎಂದು ಕೂಗಿ ಹೋದರು. ನಾನು ಸರಿಯಾಗಲು ತಿಂಗಳುಗಳೇ ಹಿಡಿದವು. ಅಷ್ಟೂ ಕಾಲ ಅವರ ಬೆಂಚಿನ ಮೇಲೆ ಕುಳಿತೆ, ಅವರು ಕೂಗಿದರು, ನಾನು ನಾಚಿದೆ. ನಾಚಿಕೆ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ.

ಆ ದಶಕ ಮುಗಿಯುವ ಮೊದಲೇ ಡಾಕ್ಟರು ಎದೆನೋವಿನಿಂದ ತೀರಿಕೊಂಡರು. ಶಾಲೆಯಲ್ಲಿ ನಡೆದ ಸಂತಾಪ ಸಭೆಯಲ್ಲಿ ಎಲ್ಲರೂ ಅವರ ಕೈಗುಣ, ದೊಡ್ಡ ಮನಸ್ಸು ಎಂದು ಮಾತಾಡಿದರು. ನನ್ನ ಸರದಿ ಬಂತು. ಎದ್ದು ನಿಂತೆ. "ಈ ಶಾಲೆಯ ಹೆಣ್ಣುಮಕ್ಕಳಿಗೆ ಕಕ್ಕಸು ಬೇಕೆಂದು ಕೇಳಿದವರು ಅವರೊಬ್ಬರೇ. ನನ್ನ ಹೊಟ್ಟೆಯ ಕಾಯಿಲೆ ಗುಣ ಮಾಡಿದ್ದೂ ಅವರೇ" ಎಂದೆ. ಸಭೆಯಲ್ಲಿ ಯಾರೋ ಕೆಮ್ಮಿದರು. ಮುಖ ಎತ್ತದೆ ಬಂದು ಕುಳಿತೆ.

ಹೊರಗೆ ಜಗಲಿಯಲ್ಲಿ ಗುರುತಿಲ್ಲದ ಒಬ್ಬಾಕೆ ನನಗಾಗಿ ಕಾಯುತ್ತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಾ, ನೆಲ ನೋಡುತ್ತಾ ಹೇಳಿದಳು.

"ಟೀಚರೇ, ನಿಮ್ಮ ಸೋನಾಮುಖಿ ಸುದ್ದಿ ಆಗಲೇ ಊರಲ್ಲಿ ಕೇಳಿದ್ದೆ. ನಾನೂ ದಿನಾ ಆ ಸೊಪ್ಪಿನಲ್ಲೇ ಇರುವುದು. ವರ್ಷಗಳಾಯ್ತು. ಈಗ ನೋವು ಸಹಿಸ್ಲಿಕ್ಕೆ ಆಗುದಿಲ್ಲ. ಒಂದು ದಿನ ಈ ಡಾಕ್ಟ್ರಲ್ಲಿ ಹೇಳಬೇಕು, ಹೇಳಬೇಕು ಅಂತಿದ್ದೆ. ಹೋಗಿಯೇ ಬಿಟ್ರು."

"ಬಂಟ್ವಾಳದಲ್ಲಿ ಇನ್ನೊಬ್ಬರು ಡಾಕ್ಟ್ರು ಇದ್ದಾರೆ."

"ನಾಚಿಕೆ ಆಗ್ತದೆ ಟೀಚರೇ."

"ನನಗೂ ಆಗ್ತದೆ" ಎಂದೆ. "ನಾಳೆ ಬೆಳಿಗ್ಗೆ ಬಸ್ಸಿಗೆ ಬನ್ನಿ. ಒಟ್ಟಿಗೆ ಹೋಗುವ."