ಘಾಟಿ ಹತ್ತಬಾರದಿದ್ದ ದಿನ

ನಂಜುಂಡ ಭಾವನ ಕೈ ಜೋಮು ಹಿಡಿದದ್ದು ಅವರ ತಪ್ಪಿನಿಂದಲ್ಲ, ನನ್ನಿಂದ. ಇಷ್ಟು ವರ್ಷ ಇದನ್ನು ನುಂಗಿಕೊಂಡು ಕೂತಿದ್ದೆ. ಹೋದ ಭಾನುವಾರ ಅವರಿಗೆ ಹೇಳಿಬಿಟ್ಟೆ. ಈಗ ನಿಮಗೂ ಹೇಳುತ್ತಿದ್ದೇನೆ.

ಭಾವ ಅಂದರೆ ನನ್ನ ಅಕ್ಕನ ಗಂಡ, ನಿಟ್ಟೂರಿನವರು. ಅವರ ತೋಟದ ಬಾವಿಯಲ್ಲಿ, ಸೊಂಟಕ್ಕೆ ಖಾಲಿ ಕ್ಯಾನು ಕಟ್ಟಿ ನನಗೆ ಈಜು ಕಲಿಸಿದವರು. ನೀರು ಕಂಡರೆ ಷರ್ಟು ಬಿಚ್ಚುವ ಆಸಾಮಿ. ಇಬ್ಬರೂ ಸ್ಕೂಬಾ ಕಲಿತು ಆಗಾಗ ಕರಾವಳಿಗೆ ಹೋಗುತ್ತಿದ್ದೆವು. ಓದುವುದು, ಪ್ಲಾನ್ ಹಾಕುವುದು ಎಲ್ಲ ನನ್ನ ಕೆಲಸ — ಅವರು ನನ್ನನ್ನು ನಂಬಿ ಬರುತ್ತಿದ್ದರು.

ಆ ಸಲ ಬೆಳಿಗ್ಗೆ ಎರಡು ಸಾರಿ ಸಮುದ್ರಕ್ಕಿಳಿದೆವು. ಮೇಲೆ ಬರುವಾಗ ಭಾವ ಅವಸರ ಮಾಡಲಿಲ್ಲ. ನಡುವೆ ನಿಲ್ಲಬೇಕಾದ ಕಡೆ ಹಗ್ಗ ಹಿಡಿದು ಪೂರ್ತಿ ಹೊತ್ತು ನಿಂತರು. ನಾನು ಪಕ್ಕದಲ್ಲೇ ಇದ್ದೆ, ಕಣ್ಣಾರೆ ನೋಡಿದ್ದೇನೆ. ದಡಕ್ಕೆ ಬಂದು ಅವರು ಸ್ನಾನಕ್ಕೆ ಹೋಗಿದ್ದಾಗ ಇನ್‌ಸ್ಟ್ರಕ್ಟರ್ ನನ್ನನ್ನು ಕರೆದು ಹೇಳಿದ:

"ಇವತ್ತು ಘಾಟಿ ಹತ್ತಬೇಡಿ ಮಾರಾಯ್ರೆ. ನಾಳೆ ಹೋಗಿ. ಅವರಿಗೂ ಹೇಳಿ."

ಆಳದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ಮೈಯೊಳಗೆ ಇನ್ನೂ ಉಳಿದಿರುತ್ತದೆ. ನೀರಿನಿಂದ ಬೇಗ ಮೇಲೆ ಬಂದರೂ, ಅದೇ ದಿನ ಎತ್ತರಕ್ಕೆ ಹೋದರೂ ಒತ್ತಡ ಇಳಿದು, ಸೋಡಾ ಬಾಟಲಿ ತೆರೆದ ಹಾಗೆ ಗುಳ್ಳೆ ಎದ್ದು ಕೈಕಾಲು ನೋಯಬಹುದು, ಜೋಮು ಹಿಡಿಯಬಹುದು. ಓದಿದ್ದೆ, ಗೊತ್ತಿತ್ತು. ಆದರೆ ನಮಗೆ ಎತ್ತರ ಅಂದರೆ ದೇವರಾಯನದುರ್ಗದ ಬೆಟ್ಟ; ನಮ್ಮ ತುಮಕೂರಿನ ಶಿರಾ ಗೇಟಿನಲ್ಲಿ ನಿಂತವನಿಗೆ ತಾನು ಬೆಟ್ಟದ ಮೇಲಿದ್ದೇನೆ ಎಂದು ಅನ್ನಿಸುವುದೇ ಇಲ್ಲ... ಅಲ್ಲ, ಇದೂ ನೆಪವೇ.

ನಿಜ ಇಷ್ಟೇ. ಮಾರನೇ ದಿನ ಗುಬ್ಬಿಯಲ್ಲಿ ನನಗೆ ಹೆಣ್ಣು ನೋಡುವ ಶಾಸ್ತ್ರವಿತ್ತು. ಮುಂದಕ್ಕೆ ಹಾಕಿ ಅಂದರೆ ಯಾಕೆ ಎಂದು ಕೇಳುತ್ತಾರೆ. ಹುಡುಗನಿಗೆ ಸಮುದ್ರದ ಹುಚ್ಚು ಎಂದು ತಿಳಿದು ಸಂಬಂಧ ತಪ್ಪಿಹೋದರೆ ಎಂಬ ಭಯ. ಭಾವನಿಗೆ ಹೇಳಿದ್ದರೆ ಅವರು ಖಂಡಿತ ಉಳಿದುಕೊಳ್ಳೋಣ ಅನ್ನುತ್ತಿದ್ದರು. ಅದಕ್ಕೇ ಹೇಳಲಿಲ್ಲ. ಊಟ ಮುಗಿಸಿ ಕಾರು ತೆಗೆದೆ.

ಘಾಟಿ ದಾಟುವಷ್ಟರಲ್ಲಿ ಅವರ ಬಲ ಮೊಣಕೈ ನೋಯತೊಡಗಿತು; ನನಗೇನೂ ಆಗಲಿಲ್ಲ, ಇದು ಎಲ್ಲರಿಗೂ ಆಗುವುದಿಲ್ಲ. "ಸಿಲಿಂಡರ್ ಎತ್ತಿದ್ರಲ್ಲ ಭಾವ, ಅದಕ್ಕೇ ಇರ್ಬೇಕು" ಅಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು, ಥೂ. ಮಾರನೇ ದಿನ ಗುಬ್ಬಿಯಲ್ಲಿ ಆ ಕೈ ಜೋಮು ಹಿಡಿದು, ಭಾವ ಹೆಣ್ಣಿನ ಮನೆಯವರೆದುರು ಎಡಗೈಯಲ್ಲಿ ಉಪ್ಪಿಟ್ಟು ತಿಂದರು. ಹುಡುಗಿಯ ಅಜ್ಜಿ ಮುಖ ಸಿಂಡರಿಸಿದರು. ನನ್ನ ಮಾನ ಉಳಿಸಲು ಭಾವ ನಕ್ಕರು, ನಾನೂ ನಕ್ಕೆ. ಆ ಸಂಬಂಧವೇ ಕುದುರಿತು, ರೂಪಾ ಈಗ ನನ್ನ ಹೆಂಡತಿ.

ಅಲ್ಲಿಂದ ಹೊರಟ ಮೇಲಷ್ಟೇ ಆಸ್ಪತ್ರೆ, ಆಮೇಲೆ ಬೆಂಗಳೂರು, ಗುಳ್ಳೆ ಕರಗಿಸಲು ಒತ್ತಡದ ಕೋಣೆಯಲ್ಲಿ ಆಕ್ಸಿಜನ್. ಹೇಗಾಯಿತು ಎಂದು ಡಾಕ್ಟರು ಕೇಳಿದಾಗ ಭಾವನೇ, "ನಾನೇ ಎಲ್ಲೋ ಬೇಗ ಮೇಲೆ ಬಂದ್ಬುಟ್ಟೆ ಅನ್ಸುತ್ತೆ" ಅಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಕೈ ವಾಸಿಯಾಯಿತು. ಆದರೆ ಭಾವ ಮತ್ತೆ ಬಾವಿಗೂ ಇಳಿಯಲಿಲ್ಲ. ಮೊನ್ನೆ ಅವರ ಮಗಳು ಸಿಂಚನಾ ಸ್ಕೂಬಾ ಕಲಿಯುತ್ತೇನೆ ಅಂದರೆ, "ನಮ್ಮ ಮೈಗೆ ಅದು ಆಗಲ್ಲ ಕಣಮ್ಮ, ನಿಂಗೂ ಬ್ಯಾಡ" ಅಂದರಂತೆ. ಅವಳು ಅಳುತ್ತ ನನಗೆ ಫೋನ್ ಮಾಡಿದಳು. ಇನ್ನು ನನ್ನಿಂದ ತಡೆಯಲಾಗಲಿಲ್ಲ.

ಕುಣಿಗಲ್ಲಿನಲ್ಲಿ ಒಂದು ಮದುವೆ ಮುಗಿಸಿ ಬರುವಾಗ ಕೆರೆಯ ಪಕ್ಕ ಕಾರು ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಕಪಾಳಕ್ಕೆ ಬೀಳುತ್ತದೆ ಎಂದು ಕಾದೆ. ಭಾವ ನೀರು ನೋಡುತ್ತಲೇ ಕೇಳಿದರು:

"ಅಂಗಾದ್ರೆ ನಾನು ಸರಿಯಾಗೇ ಮೇಲೆ ಬಂದಿದ್ನೇನ್ಲಾ?"

"ಹೂಂ ಭಾವ. ನನಗಿಂತ ಚೆನ್ನಾಗಿ."

ಅವರ ಕಣ್ಣು ತುಂಬಿತು, ನನ್ನದೂ. ಬೈಗುಳ ಆಮೇಲೆ ಶುರುವಾಗಿ ತುಮಕೂರು ಮುಟ್ಟುವವರೆಗೂ ನಡೆಯಿತು, ಒಂದೂ ಹೆಚ್ಚಾಗಿರಲಿಲ್ಲ. ಬೈಸಿಕೊಳ್ಳುತ್ತಲೇ ಎದೆ ಹಗುರಾಗುತ್ತಿತ್ತು. ಮನೆಗೆ ಬಂದು ರೂಪಾಗೂ ಹೇಳಿದೆ. ಭಾವ ಕ್ಷಮಿಸಿದ್ದಾರೋ ಇಲ್ಲವೋ, ಕೇಳಿಲ್ಲ. ಕೇಳುವ ಮುಖ ನನಗಿಲ್ಲ.

ಮುಂದಿನ ತಿಂಗಳು ಸಿಂಚನಾ ಸಮುದ್ರಕ್ಕೆ ಹೋಗುತ್ತಾಳೆ. ಡಾಕ್ಟರು ಒಪ್ಪಿದರೆ ಭಾವನೂ ಇಳಿಯುತ್ತಾರೆ. ಈ ಸಲ ಪ್ಲಾನ್ ಅವರದೇ: ಮುಳುಗಿ ಬಂದ ಮೇಲೆ ಇನ್ನೊಂದು ಇಡೀ ದಿನ ದಡದಲ್ಲಿ ಸುಮ್ಮನೆ ಕೂರುವುದು. ಕಾರು ಓಡಿಸುವವನು ನಾನು. ಕೀ ಮಾತ್ರ ಅವರ ಜೇಬಿನಲ್ಲಿರುತ್ತದೆ.